ಕಾರ್ಡಿಗೆ ತಕ್ಕ ಪ್ರೊಸೆಸರ್: ಅಕ್ಕನ ಚೀಟಿ ದುಡ್ಡು ಮತ್ತು ಒಂದು ದಿನದ ಓಡಾಟ

ನಮ್ಮ ಕಡೆ ಹಳ್ಳಿಗಳಲ್ಲಿ 'ಗೇಮ್' ಅನ್ನುವ ಮಾತಿಗೆ ಒಳ್ಳೆ ಹೆಸರಿಲ್ಲ. ಹುಡುಗ ಗೇಮ್ ಆಡ್ತಾನೆ ಅಂದರೆ ದುಡ್ಡು ಕಳಕೊಳ್ತಾನೆ ಅಂತಲೇ ಅರ್ಥ. ಮೊಬೈಲಿನಲ್ಲಿ ರಮ್ಮಿ ಆಡಿ ಹಸು ಮಾರಿದವರು, ಒಡವೆ ಅಡ ಇಟ್ಟವರು ಸುತ್ತಮುತ್ತ ಒಬ್ಬಿಬ್ಬರು ಸಿಕ್ಕೇ ಸಿಗುತ್ತಾರೆ. ಅಂಥ ಸುದ್ದಿಗಳನ್ನು ನಾವೇ ಎಷ್ಟೋ ಸಲ ಬರೆದು ಪತ್ರಿಕೆಗೆ ಕಳಿಸಿದ್ದೇವೆ. 2025ರ ಆಗಸ್ಟಿನಲ್ಲಿ ಸಂಸತ್ತು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕಾಯ್ದೆ ಮಾಡಿ ನಿಷೇಧಿಸಿತು. ಅದೇ ಕಾಯ್ದೆ ಇ-ಸ್ಪೋರ್ಟ್ಸ್ ಬೇರೆ, ದುಡ್ಡಿನ ಆಟ ಬೇರೆ ಅಂತಲೂ ಹೇಳಿತು. ಆದರೆ ಆ ವ್ಯತ್ಯಾಸ ನಮ್ಮ ಅಕ್ಕನ ಮನೆ ಜಗಲಿಯವರೆಗೆ ಬಂದಿರಲಿಲ್ಲ.

ಅಕ್ಕನ ಮಗ ಆಡುವುದು ದುಡ್ಡಿನ ಆಟ ಅಲ್ಲ. ನರಸಾಪುರದ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ, ವಾರ ಬಿಟ್ಟು ವಾರ ರಾತ್ರಿ ಪಾಳಿ. ಸಂಬಳ ಬಂದ ದಿನವೇ ಅಮ್ಮನ ಕೈಗೆ ಕೊಡುವ ಹುಡುಗ. ಪಾಳಿ ಮುಗಿಸಿ ಬಂದು ಎರಡು ಗಂಟೆ ಕಂಪ್ಯೂಟರಿನಲ್ಲಿ ಕಾರು ಓಡಿಸುವುದು, ಗೆಳೆಯರ ಜೊತೆ ಸೇರಿ ಶೂಟಿಂಗ್ ಆಟ ಆಡುವುದು, ಅಷ್ಟೇ ಅವನ ಚಟ. ಬೀಡಿ ಇಲ್ಲ, ಬಾರ್ ಇಲ್ಲ.

ಕಂಪ್ಯೂಟರನ್ನು ಅವನು ಒಂದೇ ಸಲ ಕೊಂಡದ್ದಲ್ಲ. ಮೊದಲು ಹಳೇದೊಂದು ಸೆಟ್ ತಂದ: ರೈಜನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 16 ಜಿಬಿ ರ‍್ಯಾಮ್. ಆಮೇಲೆ ಹಲಸೂರಿನ ಒಬ್ಬರ ಹತ್ತಿರ ಫೋನಿನ ಜಾಹೀರಾತು ನೋಡಿ ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್ ಕೊಂಡ. 2021ರಲ್ಲಿ ಬಂದ ಮಧ್ಯಮ ದರ್ಜೆಯ ಕಾರ್ಡ್ ಅದು, 8 ಜಿಬಿ ಮೆಮೊರಿಯದು. ಹಾಕಿದ ಮೇಲೆ ಎಲ್ಲ ಸಲೀಸಾಗಬೇಕಿತ್ತು. ಆಗಲಿಲ್ಲ. ಕೆಲವು ಆಟ ಚೆನ್ನಾಗಿ ಓಡಿದವು, ಕೆಲವು ತಡವರಿಸಿದವು. "ಪ್ರೊಸೆಸರ್ ಸಾಲದು ಮಾಮ, ಎಲ್ಲಾ ಬದಲಾಯಿಸಬೇಕು. ನಲವತ್ತು ಸಾವಿರ ಆಗುತ್ತೆ" ಅಂದ.

ಮನೆಯಲ್ಲಿ ಸರಿಯಾಗಿ ನಲವತ್ತು ಸಾವಿರವೇ ಇತ್ತು. ಅಕ್ಕ ಎತ್ತಿದ ಚೀಟಿ ದುಡ್ಡು. ಎರಡು ಸೀಮೆ ಹಸುವಿಗೆ ದಿನಾ ಕುಡುಗೋಲಿನಲ್ಲಿ ಮೇವು ಕತ್ತರಿಸಿ ಕತ್ತರಿಸಿ ಅವಳ ಮೊಣಕೈ ನೋವು ಹತ್ತಿದೆ. ಮೇವು ಕತ್ತರಿಸುವ ಮಿಷನ್ ತರಬೇಕು ಅಂತ ಎತ್ತಿದ್ದು. ಆದರೆ ಆ ಚೀಟಿಗೆ ತಿಂಗಳು ತಿಂಗಳು ಕಟ್ಟಿದ್ದು ಮಗನ ಸಂಬಳದಿಂದ. ದುಡ್ಡು ಯಾರದು ಅಂತ ಕೇಳಿದರೆ ಇಬ್ಬರದೂ ಸರಿ. ಒಂದು ವಾರ ತಾಯಿ ಮಗ ಸರಿಯಾಗಿ ಮಾತಾಡಲಿಲ್ಲ.

ಕೊನೆಗೆ ಅಕ್ಕ ನಮಗೆ ಹೇಳಿದಳು: "ನೀನು ಪೇಪರ್‌ನವನು, ಬೆಂಗಳೂರು ಗೊತ್ತಿರೋನು. ಇವನ ಜೊತೆ ಹೋಗಿ ನೋಡು. ನೀನು ಬೇಕೇಬೇಕು ಅಂದರೆ ಕೊಡ್ತೀನಿ. ಇಲ್ಲ ಅಂದರೆ ಇಲ್ಲ."

ಆಟದ ವಿಷಯದಲ್ಲಿ ನಾವು ಪಂಡಿತರಲ್ಲ. ಸುದ್ದಿ ವಿಡಿಯೊ ಕತ್ತರಿಸಿ ಜೋಡಿಸುವಷ್ಟು ಕಂಪ್ಯೂಟರ್ ಗೊತ್ತು, ಬಿಚ್ಚಿ ಜೋಡಿಸಿದ ಅಭ್ಯಾಸವೂ ಇದೆ. ಉಳಿದದ್ದಕ್ಕೆ ನಮ್ಮ ಕಸುಬಿನ ದಾರಿಯನ್ನೇ ಹಿಡಿದೆವು. ಯಾರ ಮಾತನ್ನೂ ಹಾಗೇ ಒಪ್ಪಬಾರದು, ಮೊದಲು ಸ್ಥಳಕ್ಕೆ ಹೋಗಿ ನೋಡಬೇಕು. ಇಲ್ಲಿ ಸ್ಥಳ ಅಂದರೆ ಅವನ ಕಂಪ್ಯೂಟರು.

ಯಾರಿಗಾಗಿ ಯಾರು ಕಾಯುತ್ತಿದ್ದಾರೆ?

ಆಟದಲ್ಲಿ ಕಾಣುವುದು ಓಡುವ ಚಿತ್ರ. ಒಂದು ಸೆಕೆಂಡಿಗೆ ಇಷ್ಟು ಚಿತ್ರ ಅಂತ ಲೆಕ್ಕ. ಒಂದೊಂದು ಚಿತ್ರಕ್ಕೆ ಫ್ರೇಮ್ ಅಂತ ಹೆಸರು. ಪ್ರತಿ ಫ್ರೇಮಿಗೂ ಇಬ್ಬರು ದುಡಿಯಬೇಕು. ಕಾರು ಎಲ್ಲಿದೆ, ಎದುರಿನವನು ಯಾವ ಕಡೆ ಓಡಿದ, ಡಿಕ್ಕಿ ಹೊಡೆಯಿತೋ ಇಲ್ಲವೋ ಇವನ್ನೆಲ್ಲ ಲೆಕ್ಕ ಹಾಕಿ 'ಇದನ್ನು ಬರಿ' ಅಂತ ಹೇಳುವುದು ಪ್ರೊಸೆಸರ್. ಹೇಳಿದ್ದನ್ನು ಬಣ್ಣ, ಬೆಳಕು, ನೆರಳು ಹಾಕಿ ಬರೆಯುವುದು ಗ್ರಾಫಿಕ್ಸ್ ಕಾರ್ಡ್.

ಸೆಕೆಂಡಿಗೆ 60 ಫ್ರೇಮ್ ಬೇಕಾದರೆ ಒಂದೊಂದಕ್ಕೆ ಸಿಗುವ ಸಮಯ 16.7 ಮಿಲಿಸೆಕೆಂಡ್. ಪ್ರೊಸೆಸರ್ ಒಂದು ಲೆಕ್ಕಕ್ಕೆ 20 ಮಿಲಿಸೆಕೆಂಡ್ ತೆಗೆದುಕೊಂಡರೆ 50 ಫ್ರೇಮ್ ಮಾತ್ರ ಬರುತ್ತದೆ. ಕಾರ್ಡ್ ಎಷ್ಟೇ ಗಟ್ಟಿ ಇದ್ದರೂ ಕೈಕಟ್ಟಿ ಕಾಯಬೇಕು. ತಿರುಗಾಮುರುಗಾ ಆದರೂ ಅಷ್ಟೇ: ಕಾರ್ಡ್ ನಿಧಾನವಾದರೆ ಪ್ರೊಸೆಸರ್ ಕಾಯುತ್ತದೆ.

ಇದನ್ನು ಅಕ್ಕನಿಗೂ ಹೇಳಿದೆವು. ಸೆರಗಲ್ಲಿ ಕೈ ಒರೆಸಿಕೊಳ್ಳುತ್ತಾ ಕೇಳಿ, "ಅಂದರೆ ಒಂದು ಎತ್ತು ಎಳೀತಾ ಇದೆ, ಇನ್ನೊಂದು ಸುಮ್ಮನೆ ನೊಗ ಹೊತ್ತುಕೊಂಡು ನಿಂತಿದೆ ಅನ್ನು. ಯಾವುದು ಅಂತ ನೋಡಿ ಆಮೇಲೆ ಸಂತೆಗೆ ಹೋಗಿ" ಅಂದಳು. ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾವು ಬೆಂಗಳೂರಿನಲ್ಲೂ ನೋಡಲಿಲ್ಲ.

ನೋಡುವುದು ಕಷ್ಟವಲ್ಲ. ಎಎಂಡಿ ಕಾರ್ಡ್ ಇದ್ದರೆ ಅದರ ಸಾಫ್ಟ್‌ವೇರಿನಲ್ಲೇ ಅಂಕಿ ತೋರಿಸುವ ವ್ಯವಸ್ಥೆ ಇದೆ. ಎನ್‌ವಿಡಿಯಾದಲ್ಲೂ ಇದೆ. ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ಉಚಿತ ಸಾಫ್ಟ್‌ವೇರ್ ಎಲ್ಲ ಕಾರ್ಡಿಗೂ ಆಗುತ್ತದೆ. ಆಟ ಓಡುವಾಗ ಪರದೆಯ ಮೂಲೆಯಲ್ಲಿ ಕಾರ್ಡ್ ಶೇಕಡಾ ಎಷ್ಟು ದುಡಿಯುತ್ತಿದೆ ಅಂತ ಕಾಣುತ್ತದೆ. 95ರಿಂದ 99 ಇದ್ದರೆ ಕಾರ್ಡ್ ಪೂರಾ ದುಡಿಯುತ್ತಿದೆ, ಪ್ರೊಸೆಸರಿನ ತಪ್ಪಿಲ್ಲ. 60, 70ರಲ್ಲಿ ನಿಂತು ಫ್ರೇಮೂ ಕಡಿಮೆ ಇದ್ದರೆ ಕಾರ್ಡ್ ಕಾಯುತ್ತಿದೆ ಅಂತ ಅರ್ಥ. ಆದರೆ ಆಟದ ಸೆಟ್ಟಿಂಗಿನಲ್ಲಿ ಫ್ರೇಮಿಗೆ ಮಿತಿ ಹಾಕಿದ್ದರೆ ಅದನ್ನು ಮೊದಲು ತೆಗೆಯಿರಿ; ಇಲ್ಲದಿದ್ದರೆ ಅಂಕಿ ದಾರಿ ತಪ್ಪಿಸುತ್ತದೆ.

ಪ್ರೊಸೆಸರಿನ ಶೇಕಡಾವಾರು ನೋಡಿ ಮಾತ್ರ ತೀರ್ಮಾನ ಮಾಡಬೇಡಿ. 2600ರಲ್ಲಿ 6 ಕೋರ್, 12 ಥ್ರೆಡ್ ಇವೆ. ಆಟ ಅದರಲ್ಲಿ ಒಂದೆರಡರ ಮೇಲೇ ಭಾರ ಹಾಕಿದರೆ ಒಟ್ಟು ಲೆಕ್ಕ 40 ಅಂತ ತೋರಿಸಬಹುದು. ಹತ್ತು ಜನ ಕೂಲಿಯವರಲ್ಲಿ ಇಬ್ಬರು ಬೆವರು ಸುರಿಸುತ್ತಿದ್ದು ಎಂಟು ಜನ ಮರದ ಕೆಳಗಿದ್ದ ಹಾಗೆ.

ಇನ್ನೊಂದು ಸುಲಭದ ಪರೀಕ್ಷೆ ಇದೆ. ಆಟದ ರೆಸಲ್ಯೂಷನ್ 1080ರಿಂದ 720ಕ್ಕೆ ಇಳಿಸಿ. ಚಿತ್ರ ಚಿಕ್ಕದಾದರೆ ಕಾರ್ಡಿನ ಕೆಲಸ ತಗ್ಗುತ್ತದೆ, ಪ್ರೊಸೆಸರಿನ ಕೆಲಸ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಫ್ರೇಮ್ ಏರಿದರೆ ತಡೆ ಕಾರ್ಡಿನಲ್ಲಿತ್ತು. ಏರದಿದ್ದರೆ ಪ್ರೊಸೆಸರಿನಲ್ಲಿದೆ.

ಹುಡುಗನ ಕಂಪ್ಯೂಟರಿನಲ್ಲಿ ಒಂದು ಭಾನುವಾರ ಕೂತು ನೋಡಿದೆವು. ಫೋರ್ಜಾ ಹೊರೈಜನ್ ಕಾರು ಆಟದಲ್ಲಿ ಕಾರ್ಡ್ 97ರ ಮೇಲಿತ್ತು. ಅದಕ್ಕೆ ಹೊಸ ಪ್ರೊಸೆಸರ್ ಬೇಡವೇ ಬೇಡ. ಜಿಟಿಎ 5ರಲ್ಲಿ ಊರ ನಡುವೆ ಕಾರು ಓಡಿಸಿದರೆ ಕಾರ್ಡ್ 60ಕ್ಕೆ ಇಳಿದು ಫ್ರೇಮ್ 50ರ ಆಸುಪಾಸಿಗೆ ಬೀಳುತ್ತಿತ್ತು. 720ಕ್ಕೆ ಇಳಿಸಿದರೂ ಅಷ್ಟೇ. ಕೌಂಟರ್ ಸ್ಟ್ರೈಕ್ 2ರಲ್ಲಿ ಹೊಗೆ, ಗದ್ದಲ ಜಾಸ್ತಿಯಾದಾಗಲೂ ಇದೇ ಕಥೆ. ಅಂದರೆ ಹುಡುಗ ಹೇಳಿದ್ದರಲ್ಲಿ ಅರ್ಧ ನಿಜ ಇತ್ತು.

ದುಡ್ಡು ಬಿಚ್ಚುವ ಮೊದಲು ರ‍್ಯಾಮ್ ನೋಡಿದೆವು. 8 ಜಿಬಿಯ ಎರಡು ಪಟ್ಟಿ ಅಕ್ಕಪಕ್ಕದ ಗೂಡಲ್ಲಿದ್ದವು. ನಾಲ್ಕು ಗೂಡಿನ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿ ಎರಡನೆಯದು, ನಾಲ್ಕನೆಯದರಲ್ಲಿ ಹಾಕಬೇಕು. ಆಗ ಎರಡೂ ಜೋಡಿಯಾಗಿ ಕೆಲಸ ಮಾಡುತ್ತವೆ. ಪಟ್ಟಿಯ ಮೇಲೆ 3200 ಅಂತ ಬರೆದಿತ್ತು, ಓಡುತ್ತಿದ್ದದ್ದು 2400ರಲ್ಲಿ. ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅನ್ನುವುದನ್ನು ಆನ್ ಮಾಡಿದೆವು. ಅಷ್ಟಕ್ಕೇ ಜಿಟಿಎಯಲ್ಲಿ ಏಳೆಂಟು ಫ್ರೇಮ್ ಏರಿತು. ಖರ್ಚು ಸೊನ್ನೆ.

ಇನ್ನೊಂದು ನೋಡಿದ್ದು ಪರದೆ. ಅವನದು 75 ಹರ್ಟ್ಜ್ ಮಾನಿಟರ್. ಸೆಕೆಂಡಿಗೆ 75 ಸಲ ಮಾತ್ರ ಚಿತ್ರ ಬದಲಾಗುತ್ತದೆ. ಒಳಗೆ 200 ಫ್ರೇಮ್ ತಯಾರಾದರೂ ಅಷ್ಟೂ ಅದರ ಮೇಲೆ ಕಾಣುವುದಿಲ್ಲ. ನಮ್ಮ ಗುರಿ ಸಿಕ್ಕಿತು: ತಡವರಿಸದ 75. ಈ ಅಂಕಿಯನ್ನು ಚೀಟಿಯಲ್ಲಿ ಬರೆದು ಜೇಬಿಗಿಟ್ಟೆವು.

ರೈಲು ಇಳಿದು ಮೂರು ಕಡೆ

ಬಂಗಾರಪೇಟೆ ಕಡೆಯವರಿಗೆ ಕೆ.ಆರ್. ಪುರ ಬಾಗಿಲಿದ್ದ ಹಾಗೆ. ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ 1864ರಲ್ಲಿ ರೈಲು ಬಂದಾಗಿನಿಂದ ನಮ್ಮ ಜನ ಈ ಹಳಿಯ ಮೇಲೇ ಕೂಲಿಗೆ, ಓದಿಗೆ, ಆಸ್ಪತ್ರೆಗೆ ಹೋಗಿ ಬರುತ್ತಿದ್ದಾರೆ. ಬೆಳಗಿನ ಗಾಡಿಯಲ್ಲಿ ನಿಂತುಕೊಂಡೇ ಕೆ.ಆರ್. ಪುರಕ್ಕೆ ಬಂದು ಮೆಟ್ರೊ ಹತ್ತಿದೆವು. 2023ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿ ಮತ್ತು ಕೆ.ಆರ್. ಪುರದ ನಡುವಿನ ತುಂಡು ಜೋಡಣೆಯಾದ ಮೇಲೆ ಟಿನ್ ಫ್ಯಾಕ್ಟರಿ ಹತ್ತಿರ ಬಸ್ಸಿನಲ್ಲಿ ಸಿಕ್ಕಿಕೊಳ್ಳುವ ಕಷ್ಟ ತಪ್ಪಿದೆ.

ಕಂಪ್ಯೂಟರ್ ಅಂದರೆ ಎಲ್ಲರೂ ಎಸ್.ಪಿ. ರೋಡ್ ಅನ್ನುತ್ತಾರೆ. ಅದು ಪೇಟೆ ಕಡೆ. ನಾವು ನಮ್ಮ ದಾರಿಯಲ್ಲೇ ಸಿಗುವ ದಂಡಿನ ಭಾಗ ನೋಡೋಣ ಅಂತ ಮೊದಲು ಇಂದಿರಾನಗರದಲ್ಲಿ ಇಳಿದೆವು.

ಅಲ್ಲಿನ ಒಂದು ಅಂಗಡಿ ಒಳಗೆ ಹೋದರೆ ಮದುವೆ ಮಂಟಪದ ಹಾಗೆ ದೀಪ. ಗಾಜಿನ ಪೆಟ್ಟಿಗೆಯೊಳಗೆ ಬಣ್ಣ ಬಣ್ಣದ ಫ್ಯಾನು. ಹುಡುಗನ ಕಣ್ಣು ಅರಳಿತು. ಅಂಗಡಿಯವರು ಮರ್ಯಾದೆಯಿಂದಲೇ ಮಾತಾಡಿಸಿದರು. ಫೋನಿನಲ್ಲಿ ಯಾವುದೋ ಜಾಲತಾಣ ತೆಗೆದು 2600 ಮತ್ತು 6600 ಅಂತ ಒತ್ತಿ ತೋರಿಸಿದರು. "ನೋಡಿ ಸರ್, ಇಷ್ಟು ಪರ್ಸೆಂಟ್ ಬಾಟಲ್‌ನೆಕ್." ಆಮೇಲೆ ಲೆಕ್ಕ ಬರೆದುಕೊಟ್ಟರು: ರೈಜನ್ 5 7600 ಪ್ರೊಸೆಸರ್, ಅದಕ್ಕೆ ಬಿ650 ಬೋರ್ಡ್, ಡಿಡಿಆರ್5 ರ‍್ಯಾಮ್. ಒಟ್ಟು 46 ಸಾವಿರ.

ನಾವು ಕೇಳಿದ್ದು ಒಂದೇ: "ಈ ಪರ್ಸೆಂಟ್ ಯಾವ ಆಟಕ್ಕೆ?" ಉತ್ತರ ಬರಲಿಲ್ಲ, ಬರುವ ಹಾಗೂ ಇರಲಿಲ್ಲ. ಒಂದೇ ಕಂಪ್ಯೂಟರಿನಲ್ಲಿ ಫೋರ್ಜಾಕ್ಕೆ ಕಾರ್ಡ್ ತಡೆ, ಜಿಟಿಎಗೆ ಪ್ರೊಸೆಸರ್ ತಡೆ ಅಂತ ನಾವೇ ನೋಡಿದ್ದೆವು. ಆಟ ಯಾವುದು, ಪರದೆ ಯಾವುದು ಅಂತ ಕೇಳದೆ ಹೇಳುವ ಪರ್ಸೆಂಟು, ಜಮೀನು ನೋಡದೆ ಹೇಳುವ ಇಳುವರಿ ಇದ್ದ ಹಾಗೆ.

ಹಾಗಂತ ಆ 46 ಸಾವಿರದ ಸೆಟ್ ಕೆಟ್ಟದ್ದಲ್ಲ. ಅದು ಹೊಸ ಎಎಂ5 ಸಾಕೆಟ್. ಮುಂದೆ ಬರುವ ಪ್ರೊಸೆಸರುಗಳನ್ನೂ ಅದರಲ್ಲೇ ಕೂರಿಸಬಹುದು. ಹೊಸದಾಗಿ ಕಂಪ್ಯೂಟರ್ ಕಟ್ಟುವವರು ಯೋಚಿಸಬಹುದು. ಆದರೆ ಅದಕ್ಕೆ ಡಿಡಿಆರ್5 ಬೇಕೇಬೇಕು, ಹಳೆ ಡಿಡಿಆರ್4 ಪಟ್ಟಿ ಕೂರುವುದಿಲ್ಲ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಗಗನಕ್ಕೆ ಹೋಗಿದೆ. ಮೆಮೊರಿ ಮಾಡುವ ದೊಡ್ಡ ಕಂಪನಿಗಳು ಎಐ ಡೇಟಾ ಸೆಂಟರುಗಳ ಬೇಡಿಕೆಗೆ ಮೊದಲ ಆದ್ಯತೆ ಕೊಡುತ್ತಿವೆ. ಮನೆಯಲ್ಲಿರುವ 16 ಜಿಬಿ ಡಿಡಿಆರ್4 ಈಗ ಒಡವೆ ಇದ್ದ ಹಾಗೆ. ಅದನ್ನು ಬಿಸಾಕುವ ದಾರಿ ನಮಗೆ ಬೇಡವಾಗಿತ್ತು.

ಹುಡುಗ ಮುಖ ಚಿಕ್ಕದು ಮಾಡಿಕೊಂಡ. ಅದೇ ರಸ್ತೆಯಲ್ಲಿ ಗಂಟೆ ಲೆಕ್ಕದಲ್ಲಿ ಆಡುವ ಗೇಮಿಂಗ್ ಸೆಂಟರ್ ಕಂಡಿತು. "ಬಾ, ಕೊಳ್ಳೋ ಮೊದಲು ಓಡಿಸಿ ನೋಡೋಣ" ಅಂತ ಒಂದು ಗಂಟೆಗೆ ದುಡ್ಡು ಕಟ್ಟಿದೆವು. ನೋಡಿಕೊಳ್ಳುವ ಹುಡುಗ ರಾಯಚೂರು ಕಡೆಯವನು. ಒಳಗೆ ಏನಿದೆ ಅಂತ ಕೇಳಿದ್ದಕ್ಕೆ ಹೇಳಿದ: ಇಂಟೆಲ್ ಐ5-12400ಎಫ್ ಪ್ರೊಸೆಸರ್, ಆರ್‌ಟಿಎಕ್ಸ್ 3060 ಕಾರ್ಡ್. "ಎಲ್ಲಾ ಸಿಸ್ಟಂಗೂ ಅದೇ ಅಣ್ಣ. ಇದಕ್ಕಿಂತ ದೊಡ್ಡ ಪ್ರೊಸೆಸರ್ ಹಾಕಿದ್ರೆ ಓನರ್‌ಗೆ ಏನು ಬರ್ತದ? ಆಡೋರಿಗೆ ಗೊತ್ತೇ ಆಗಂಗಿಲ್ಲ."

ನಮ್ಮ ಹುಡುಗ ಅದೇ ಜಿಟಿಎ ಹಾಕಿ ಊರ ನಡುವೆ ಒಂದು ಗಂಟೆ ಕಾರು ಓಡಿಸಿದ. ಎಲ್ಲೂ ತಡವರಿಸಲಿಲ್ಲ. 12400ಎಫ್ ಕೂಡ 6 ಕೋರಿನದೇ, 2022ರದು. 3060 ಅವನ ಕಾರ್ಡಿನ ಸರೀಕವೇ. ದಿನವಿಡೀ ಆಡಿಸಿ ಬಾಡಿಗೆ ದುಡಿಯುವವರು ಮಧ್ಯಮ ಕಾರ್ಡಿಗೆ ಮಧ್ಯಮ ಪ್ರೊಸೆಸರ್ ಸಾಕು ಅಂದುಕೊಂಡಿದ್ದಾರೆ. ಕುರ್ಚಿಯಿಂದ ಎದ್ದ ಹುಡುಗ, "ಇಷ್ಟು ಬಂದರೆ ಸಾಕು ಮಾಮ" ಅಂದ. ಆ ದಿನ ನಮಗೆ ಅತಿ ಹೆಚ್ಚು ಲಾಭ ತಂದದ್ದು ಆ ಒಂದು ಗಂಟೆಯ ಬಾಡಿಗೆ.

ಇನ್ನು ಉಳಿದದ್ದು ಬೋರ್ಡ್ ಬದಲಿಸದೆ ಅದೇ ಮಟ್ಟ ಮುಟ್ಟುವುದು. ಎಎಂಡಿಯವರು 2017ರಲ್ಲಿ ಮೊದಲ ರೈಜನ್ ತಂದಾಗ ಕೊಟ್ಟ ಎಎಂ4 ಸಾಕೆಟ್ಟನ್ನೇ ವರ್ಷಗಟ್ಟಲೆ ಮುಂದುವರಿಸಿದರು. ಅದಕ್ಕೆ ಕೂರುವ ಹೊಸ ಮಾದರಿಗಳು 2024ರಲ್ಲೂ ಬಂದವು. 2018ರ 2600 ಇದ್ದ ಜಾಗದಲ್ಲಿ 2022ರ ರೈಜನ್ 5 5600 ಕೂರುತ್ತದೆ. ಎರಡೂ 6 ಕೋರ್, ಎರಡೂ 65 ವ್ಯಾಟ್ ದರ್ಜೆ. ಹಾಗಾಗಿ ಹಳೆ ಕೂಲರ್ ಸಾಕು, ಕರೆಂಟ್ ಕೊಡುವ ಎಸ್‌ಎಂಪಿಎಸ್ ಕೂಡ ಬದಲಿಸಬೇಕಿಲ್ಲ. ಒಂದೊಂದು ಕೋರಿನ ವೇಗ ಮಾತ್ರ ಬಹಳ ಮೇಲು. ಬೋರ್ಡ್ ಕಂಪನಿಯ ಜಾಲತಾಣದಲ್ಲಿ ಈ ಪ್ರೊಸೆಸರ್ ಯಾವ ಬಯೋಸ್‌ನಿಂದ ನಡೆಯುತ್ತದೆ ಅನ್ನುವ ಪಟ್ಟಿ ಇರುತ್ತದೆ. ಅದನ್ನು ರೈಲಿನಲ್ಲೇ ನೋಡಿಕೊಂಡಿದ್ದೆವು.

ಹಲಸೂರು, ಟ್ರಿನಿಟಿ ದಾಟಿ ಎಂ.ಜಿ. ರಸ್ತೆಯಲ್ಲಿ ಇಳಿದು ಶಿವಾಜಿನಗರಕ್ಕೆ ಹೋದೆವು. ಹಳೆ ವಾಹನದ ಬಿಡಿಭಾಗ ಬೇಕಾದವರೆಲ್ಲ ಹೋಗುವ ಜಾಗ ಅದು. ರಸೆಲ್ ಮಾರ್ಕೆಟ್ಟಿನ ಗದ್ದಲ ದಾಟಿ ಒಂದು ಓಣಿಯ ಮೇಲಂತಸ್ತಿನಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುವ ಭಾಯ್ ಒಬ್ಬರನ್ನು ಫೋನಿನ ಜಾಹೀರಾತಿನಿಂದ ಹುಡುಕಿ ಹಿಡಿದಿದ್ದೆವು. ಅವರ ಹತ್ತಿರ ಬಳಸಿದ 5600 ಇತ್ತು. 6,500 ಹೇಳಿದರು, 6,200ಕ್ಕೆ ಇಳಿದರು.

ಹೆಸರಿನಲ್ಲಿ ಜೋಪಾನ ಬೇಕು. 5500, 5600ಜಿ, 5600 ಮೂರೂ ಕೇಳಲು ಒಂದೇ ಥರ. 5600ರಲ್ಲಿ 32 ಎಂಬಿ ಎಲ್3 ಕ್ಯಾಷ್ ಇದೆ. 5500 ಮತ್ತು 5600ಜಿಯಲ್ಲಿ 16 ಎಂಬಿ ಮಾತ್ರ. ಆಟಕ್ಕೆ ಈ ಕ್ಯಾಷ್ ಮುಖ್ಯ. ಬೇಕಾದ ಮಾಹಿತಿ ಕೈಗೆಟಕುವ ಹಾಗೆ ಇಟ್ಟುಕೊಳ್ಳುವ ಕಪಾಟು ಅದು. 5600ಜಿಯಲ್ಲಿ ಚಿತ್ರ ತೋರಿಸುವ ಭಾಗ ಒಳಗೇ ಇದೆ, ಕಾರ್ಡ್ ಇಲ್ಲದವರಿಗೆ ಒಳ್ಳೆಯದು. ಕಾರ್ಡ್ ಇದ್ದವರಿಗೆ 5600 ಮೇಲು.

ಭಾಯ್ ಚಿಪ್ ತಿರುಗಿಸಿ ತೋರಿಸಿದರು. ಎಎಂ4 ಪ್ರೊಸೆಸರಿನ ಅಡಿಯಲ್ಲಿ ಸೂಜಿಯಂಥ ಪಿನ್ನುಗಳು ಸಾಲಾಗಿ ಇರುತ್ತವೆ. ಒಂದೂ ಬಾಗಿರಬಾರದು, ಮುರಿದಿರಬಾರದು. ಫೋನಿನ ಟಾರ್ಚ್ ಹಾಕಿ ಅಡ್ಡಡ್ಡ ನೋಡಿದರೆ ಸಾಲು ತಪ್ಪಿದ್ದು ಗೊತ್ತಾಗುತ್ತದೆ. ಆಮೇಲೆ ಅವರದೇ ಬೋರ್ಡಿಗೆ ಹಾಕಿ ಇಪ್ಪತ್ತು ನಿಮಿಷ ಪೂರಾ ಭಾರ ಕೊಟ್ಟು ಓಡಿಸಿದರು. ಸಿಪಿಯು-ಝಡ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಹೆಸರು ಸರಿಯಾಗಿ ಬಂತು. ಏಳು ದಿನದ ಗ್ಯಾರಂಟಿ ಚೀಟಿಯಲ್ಲಿ ಬರೆಸಿಕೊಂಡೆವು.

"ಹಳೇದು ತಂದಿದ್ರೆ ಎಕ್ಸ್‌ಚೇಂಜ್ ಮಾಡ್ತಿದ್ದೆ ಅಣ್ಣ" ಅಂದರು ಭಾಯ್. ತರುವ ಹಾಗಿರಲಿಲ್ಲ. ಹಳೆ ಬಯೋಸ್ ಹೊಸ ಪ್ರೊಸೆಸರನ್ನು ಗುರುತಿಸುವುದಿಲ್ಲ. ಹಳೇದು ಕೂತಿರುವಾಗಲೇ ಬಯೋಸ್ ಹೊಸದು ಮಾಡಬೇಕು. ಮೊದಲೇ ಮಾರಿಬಿಟ್ಟವರು ಕತ್ತಲೆ ಪರದೆ ನೋಡಿಕೊಂಡು ಕೂರಬೇಕಾಗುತ್ತದೆ.

ಸಂಜೆ ದಂಡು ನಿಲ್ದಾಣಕ್ಕೆ ನಡೆದೆವು. ಅಲ್ಲೇ ಹತ್ತಿರದ ಮಿಲ್ಲರ್ಸ್ ರಸ್ತೆಯಲ್ಲಿ 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ತನ್ನ ಚಿಪ್ ವಿನ್ಯಾಸದ ಕಚೇರಿ ತೆರೆದದ್ದು. ಅದರ ಉಪಗ್ರಹ ಸಂಪರ್ಕದ ಸಾಮಾನನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದ ಫೋಟೊ ಬಹಳ ಪ್ರಸಿದ್ಧ. ಈಗ ಎಎಂಡಿ, ಇಂಟೆಲ್, ಎನ್‌ವಿಡಿಯಾ ಮೂರಕ್ಕೂ ಬೆಂಗಳೂರಿನಲ್ಲಿ ದೊಡ್ಡ ಕಚೇರಿಗಳಿವೆ. ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರಿನಲ್ಲಿ ಇಲ್ಲೇ ತೆರೆಯಿತು. ಇದನ್ನೆಲ್ಲ ಹೇಳಿದ್ದಕ್ಕೆ ಹುಡುಗ, "ಇಲ್ಲೇ ಡಿಸೈನ್ ಮಾಡ್ತಾರೆ, ನಮಗೆ ಮಾತ್ರ ಸೆಕೆಂಡ್ ಹ್ಯಾಂಡ್" ಅಂತ ನಕ್ಕ. ಜೇಬು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಿದ್ದ, ಚಿಪ್ ಅದರಲ್ಲಿತ್ತು.

ನಿಮ್ಮ ಬೋರ್ಡ್ ಬೇರೆ ಇದ್ದರೆ

ಎಲ್ಲರ ಮನೆಯಲ್ಲೂ ಎಎಂ4 ಇರುವುದಿಲ್ಲ. ಕಚೇರಿಗಳು ಮಾರಿದ ಇಂಟೆಲ್ ಕಂಪ್ಯೂಟರುಗಳು ನಮ್ಮ ಕಡೆ ಜಾಸ್ತಿ. ಅಂಥವರಿಗೆ ಎರಡು ಮಾತು.

ಇಂಟೆಲ್ 6, 7ನೇ ತಲೆಮಾರಿನ ಬೋರ್ಡಿಗೆ 8, 9ನೇ ತಲೆಮಾರಿನ ಪ್ರೊಸೆಸರ್ ನಡೆಯುವುದಿಲ್ಲ. ಸಾಕೆಟ್ ಹೆಸರು ಎರಡಕ್ಕೂ 1151 ಅಂತಲೇ ಇದೆ, ನೋಡಲೂ ಒಂದೇ ಥರ, ಆದರೆ ಓಡುವುದಿಲ್ಲ. ಇದರಲ್ಲಿ ಮೋಸ ಹೋಗುವವರು ಬಹಳ. ಜೊತೆಗೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. 6ನೇ ತಲೆಮಾರಿಗೆ, 7ರಲ್ಲೂ ಒಂದೆರಡು ಬಿಟ್ಟು ಉಳಿದವಕ್ಕೆ, ವಿಂಡೋಸ್ 11ರ ಅಧಿಕೃತ ಬೆಂಬಲ ಇಲ್ಲ. ಅಂಥವರು ಹಳೆ ಬೋರ್ಡಿಗೆ ದುಬಾರಿ ಐ7 ಹುಡುಕುವ ಬದಲು ಐ3-12100ಎಫ್ ಅಥವಾ ಐ5-12400ಎಫ್ ನೋಡಬಹುದು. ಅದಕ್ಕೆ ಎಚ್610 ಬೋರ್ಡುಗಳಲ್ಲಿ ಡಿಡಿಆರ್4 ನಡೆಯುವವೂ ಇವೆ, ಡಿಡಿಆರ್5 ನಡೆಯುವವೂ ಇವೆ. ಡಿಡಿಆರ್4ನದೇ ಕೇಳಿ ತಗೊಂಡರೆ ಹಳೆ ರ‍್ಯಾಮ್ ಉಳಿಯುತ್ತದೆ. ಹೆಸರಿನ ಕೊನೆಯ 'ಎಫ್' ಅಂದರೆ ಒಳಗೆ ಚಿತ್ರ ತೋರಿಸುವ ಭಾಗ ಇಲ್ಲ ಅಂತ. ಕಾರ್ಡ್ ಕೆಟ್ಟರೆ ಪರದೆ ಕಪ್ಪು.

ಇಂಟೆಲ್ 13, 14ನೇ ತಲೆಮಾರಿನ ಐ7, ಐ9 ಬಳಸಿದ್ದು ಸಿಕ್ಕರೆ ಅಗ್ಗ ಅಂತ ಮುಗಿಬೀಳಬೇಡಿ. ಅವುಗಳಲ್ಲಿ ಕೆಲವು ವೋಲ್ಟೇಜ್ ದೋಷದಿಂದ ಹಾಳಾಗುತ್ತಿವೆ ಅಂತ 2024ರಲ್ಲಿ ಇಂಟೆಲ್ ತಾನೇ ಒಪ್ಪಿ, ವಾರಂಟಿ ಎರಡು ವರ್ಷ ಹೆಚ್ಚಿಸಿತು. ಬಿಲ್ ಇಲ್ಲದೆ ಕೊಂಡರೆ ಆ ವಾರಂಟಿ ಕೈಗೆ ಸಿಗುವುದು ಕಷ್ಟ.

ಎಎಂ4 ಇದ್ದವರಿಗೆ 5700ಎಕ್ಸ್3ಡಿ, 5800ಎಕ್ಸ್3ಡಿ ಅಂತ ಇನ್ನೂ ಮೇಲಿನವು ಇವೆ. 96 ಎಂಬಿ ಕ್ಯಾಷ್ ಇರುವ ಒಳ್ಳೆ ಪ್ರೊಸೆಸರುಗಳೇ. 144 ಅಥವಾ 165 ಹರ್ಟ್ಜ್ ಪರದೆ ಇಟ್ಟುಕೊಂಡು ಶೂಟಿಂಗ್ ಆಟವನ್ನೇ ಆಡುವವರಿಗೆ ಅರ್ಥ ಇದೆ. 75 ಹರ್ಟ್ಜ್ ಪರದೆ, ಆರ್‌ಎಕ್ಸ್ 6600 ಇದ್ದವರು ಅದನ್ನು ಕೊಂಡರೆ ಹಳ್ಳಿಕಾರ್ ಹೋರಿಯ ಜೊತೆ ಕರುವನ್ನು ನೊಗಕ್ಕೆ ಕಟ್ಟಿದ ಹಾಗೆ.

ಕರೆಂಟ್ ಇದ್ದಾಗಲೇ ಮಾಡಿ

ಊರಿಗೆ ಬಂದ ಮೇಲೆ ಬಯೋಸ್ ಕೆಲಸ. ಬೋರ್ಡ್ ಕಂಪನಿಯ ಜಾಲತಾಣದಿಂದ ಸರಿಯಾದ ಫೈಲ್ ಇಳಿಸಿ ಪೆನ್‌ಡ್ರೈವ್‌ಗೆ ಹಾಕಿದೆವು. ಫೋಟೊ, ದಾಖಲೆಗಳನ್ನು ಬೇರೆ ಕಡೆ ಕಾಪಿ ಮಾಡಿಸಿದೆವು. ಬಯೋಸ್ ಬರೆಯುವ ಆ ನಾಲ್ಕೈದು ನಿಮಿಷದಲ್ಲಿ ಕರೆಂಟ್ ಹೋದರೆ ಬೋರ್ಡೇ ಹೋಗಬಹುದು. ಪೇಟೆಯವರು ಬರೆದ ಸಲಹೆಗಳಲ್ಲಿ ಇದು ಒಂದು ಸಾಲು. ನಮ್ಮ ಊರಲ್ಲಿ ಇದೇ ಮೊದಲ ಸಾಲು. ಯುಪಿಎಸ್ ಇಲ್ಲದೆ ಕೈ ಹಾಕಬೇಡಿ. ನಾವು ನಮ್ಮ ಮನೆಯ ಯುಪಿಎಸ್ ಅನ್ನು ಬೈಕಿನಲ್ಲಿ ಕಟ್ಟಿಕೊಂಡು ಹೋದೆವು. ಕೆಲಸ ಮುಗಿದು ಅರ್ಧ ಗಂಟೆಗೆ ಕರೆಂಟ್ ಹೋಯಿತು.

ಹಳೆ ಕೂಲರ್ ತೆಗೆಯುವಾಗ ಪೇಸ್ಟ್ ಗಟ್ಟಿಯಾಗಿದ್ದರೆ ಪ್ರೊಸೆಸರೂ ಅದರ ಜೊತೆ ಕಿತ್ತು ಬಂದು ಪಿನ್ ಬಾಗಬಹುದು. ಮೊದಲು ಹತ್ತು ನಿಮಿಷ ಆಟ ಓಡಿಸಿ ಬಿಸಿ ಮಾಡಿ. ಆಮೇಲೆ ಆಫ್ ಮಾಡಿ, ವೈರ್ ಕಿತ್ತು, ಕೂಲರನ್ನು ಮೆಲ್ಲಗೆ ಆ ಕಡೆ ಈ ಕಡೆ ತಿರುಗಿಸಿ ಎತ್ತಬೇಕು. ಹೊಸ ಪ್ರೊಸೆಸರಿನ ಮೂಲೆಯ ತ್ರಿಕೋನದ ಗುರುತು ಸಾಕೆಟ್ಟಿನ ಗುರುತಿಗೆ ಸೇರಬೇಕು. ಒತ್ತಬಾರದು, ತಾನಾಗೇ ಕೂರುತ್ತದೆ. ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಸಾಕು.

ಅದೇ ಜಿಟಿಎ, ಅದೇ ರಸ್ತೆ. ಕಾರ್ಡ್ ಈಗ 90ರ ಮೇಲೆ ದುಡಿಯಿತು. ಫ್ರೇಮ್ 75ರ ಕೆಳಗೆ ಇಳಿಯಲಿಲ್ಲ. ಫೋರ್ಜಾದಲ್ಲಿ ಮೊದಲು ಎಷ್ಟಿತ್ತೋ ಹೆಚ್ಚುಕಡಿಮೆ ಅಷ್ಟೇ. ಅಲ್ಲಿ ದುಡಿಯುತ್ತಿದ್ದದ್ದು ಕಾರ್ಡ್ ಅಂತ ಮೊದಲೇ ಗೊತ್ತಿತ್ತಲ್ಲ.

ಹಳೆ 2600ನ್ನು ಪಕ್ಕದೂರಿನ ಹುಡುಗನೊಬ್ಬ 2,500ಕ್ಕೆ ತಗೊಂಡ. ಅಲ್ಲಿಗೆ ಕೈಯಿಂದ ಹೋದದ್ದು 3,700, ರೈಲು ಮೆಟ್ರೊ ಊಟ ಬೇರೆ. ಆ ವಾರವೇ ಮೇವು ಕತ್ತರಿಸುವ ಮಿಷನ್ ಬಂತು. ಅದನ್ನು ಕೂರಿಸಿ, ವೈರ್ ಎಳೆದು, ಬ್ಲೇಡಿನ ಹತ್ತಿರ ಕೈ ಹೋಗದ ಹಾಗೆ ತಗಡು ಬಡಿದವನು ಮಗನೇ. ಅಕ್ಕ ಅವನು ಆಡುವುದನ್ನು ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿ, "ಇದರಲ್ಲಿ ದುಡ್ಡು ಹೋಗಲ್ವಾ?" ಅಂತ ಇನ್ನೊಂದು ಸಲ ಕೇಳಿದಳು. "ಇಲ್ಲಮ್ಮ" ಅಂದ. "ಹಾಗಾದ್ರೆ ಆಡು" ಅಂದಳು.

ನಿಮ್ಮ ಮನೆಯಲ್ಲೂ ಇಂಥ ಮಾತು ಬಂದರೆ ರೈಲು ಹತ್ತುವ ಮೊದಲು ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಳ್ಳಿ: ಮದರ್‌ಬೋರ್ಡಿನ ಪೂರ್ತಿ ಹೆಸರು ಮತ್ತು ಬಯೋಸ್ ನಂಬರ್; ಈಗಿರುವ ಪ್ರೊಸೆಸರ್; ರ‍್ಯಾಮ್ ಡಿಡಿಆರ್ ಎಷ್ಟು, ಎಷ್ಟು ಪಟ್ಟಿ, ಯಾವ ವೇಗ; ಕಾರ್ಡಿನ ಹೆಸರು; ಎಸ್‌ಎಂಪಿಎಸ್ ಎಷ್ಟು ವ್ಯಾಟ್; ಪರದೆ ಎಷ್ಟು ಹರ್ಟ್ಜ್; ಯಾವ ಆಟದಲ್ಲಿ ಕಾರ್ಡ್ ಶೇಕಡಾ ಎಷ್ಟು ದುಡಿಯುತ್ತಿದೆ. ಕೊನೆಯ ಸಾಲಿನಲ್ಲಿ, ಇದಕ್ಕಿಂತ ಹೆಚ್ಚು ಕೊಡುವುದಿಲ್ಲ ಅನ್ನುವ ಮೊತ್ತ. ಈ ಹಾಳೆ ಕೈಯಲ್ಲಿದ್ದರೆ ಇಂದಿರಾನಗರದ ದೀಪಕ್ಕೂ ಕಣ್ಣು ಕೋರೈಸುವುದಿಲ್ಲ. ಹಾಳೆ ತುಂಬುವಾಗ ಏನಾದರೂ ಗೊತ್ತಾಗದಿದ್ದರೆ ಅದರ ಫೋಟೊ ತೆಗೆದು ನಮಗೆ ಕಳಿಸಿ, ಕೂತು ನೋಡೋಣ.